ಭಾವನವರು ಕೈ ಕಟ್ಟಿ ಕೂತ ಭಾನುವಾರ

ನಮ್ಮ ಭಾವನವರ ಕಣ್ಣೆದುರು ಯಾರಾದರೂ ಒಂದು ಕೆಲಸ ಶುರುಮಾಡಿ, ಅದನ್ನು ತಾವೇ ಮುಗಿಸಿದ ಉದಾಹರಣೆ ಆ ಭಾನುವಾರದವರೆಗೆ ಇರಲಿಲ್ಲ. ಭಾವನವರೆಂದರೆ ನನ್ನ ಹೆಂಡತಿಯ ಅಣ್ಣ. ವಿಮಾನಪುರದ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ಕೆಲಸ. ಅಂಥವರ ಮುಂದೆ ನೀವು ತೆಂಗಿನಕಾಯಿ ಒಡೆಯಲು ಹೋಗಿ ನೋಡಿ. ಮೊದಲ ಏಟಿಗೆ ಅವರ ಹುಬ್ಬು ಏರುತ್ತದೆ; ಎರಡನೆಯ ಏಟಿಗೆ ಮಚ್ಚು ಅವರ ಕೈಯಲ್ಲಿರುತ್ತದೆ. ಒಮ್ಮೆ ಹಲಸೂರು ಕೆರೆಯ ಹತ್ತಿರ ನಾವು ಕೂತಿದ್ದ ಆಟೊ ಕೆಟ್ಟು ನಿಂತಿತು. ಡ್ರೈವರ್ ಸ್ಪ್ಯಾನರ್ ಎತ್ತಿಕೊಂಡ, ಅವನ ಪಾಲಿನ ಶ್ರಮ ಅಷ್ಟೇ. ಕಾರ್ಬುರೇಟರ್ ಬಿಚ್ಚಿ, ಊದಿ, ಮತ್ತೆ ಕೂರಿಸಿದವರು ಭಾವ. ಡ್ರೈವರ್ ಬೀಡಿ ಆರಿಸಿ, "ನಾಳೇನೂ ಬನ್ನಿ ಸಾರ್, ನಮ್ಮ ತಮ್ಮಂದೂ ಒಂದು ಗಾಡಿ ಇದೆ" ಅಂದ.

ನನ್ನ ಮಗಳ ವಿದ್ಯಾಭ್ಯಾಸವೂ ಇದೇ ಪದ್ಧತಿಯಲ್ಲಿ ಸಾಗಿತ್ತು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಅಂಗಡಿಗಳ ನಡುವೆ ಇನ್ನೂ ಮನೆಗಳಿದ್ದ ಕಾಲ. ಅದರ ಹಿಂದಿನ ಬೀದಿಯಲ್ಲಿ ನಾವಿದ್ದೆವು. ಶಾಲೆಯಲ್ಲಿ ಅಣೆಕಟ್ಟಿನ ಮಾದರಿ ಮಾಡಿ ತನ್ನಿ ಎಂದರೆ ಬೇರೆ ಮಕ್ಕಳು ಥರ್ಮೋಕೋಲ್ ಅಂಟಿಸಿ ತಂದರು. ನಮ್ಮ ಮನೆಯಿಂದ, ಹಲ್ಲುಚಕ್ರ ತಿರುಗಿಸಿದರೆ ಮೇಲೇಳುವ ತಗಡಿನ ಗೇಟುಗಳುಳ್ಳ ಅಣೆಕಟ್ಟು ಹೋಯಿತು. ನೀರು ಬಿಟ್ಟೊಡನೆ ಹೆಡ್‌ಮಿಸ್ ಅವರ ಸೀರೆಯ ನೆರಿಗೆ ತೊಯ್ದು, ಅದರ ಸಾಮರ್ಥ್ಯ ಸಾಬೀತಾಯಿತು. ಮೊದಲ ಬಹುಮಾನ ಭಾವನವರಿಗೇ ಬಂತು. ಸರ್ಟಿಫಿಕೇಟಿನಲ್ಲಿ ಮಾತ್ರ ಅದೇಕೋ ಮಗಳ ಹೆಸರಿತ್ತು.

ಅವಳು ಆರನೇ ಕ್ಲಾಸಿಗೆ ಬಂದಾಗ ಶಾಲೆಯವರು ಹೊಸದೊಂದು ಸ್ಪರ್ಧೆಯ ವಿಷಯ ಹೇಳಿ ಕಳಿಸಿದರು. ಐದಾರು ಮಕ್ಕಳ ತಂಡ. ಒಂದು ಸಮಸ್ಯೆ ಕೊಡುತ್ತಾರೆ. ಹಳೇ ಸಾಮಾನಿನಿಂದ ಅದಕ್ಕೆ ಪರಿಹಾರ ಕಟ್ಟಿ, ಜೊತೆಗೊಂದು ಪುಟ್ಟ ನಾಟಕವನ್ನೂ ಆಡಬೇಕು. ದೊಡ್ಡವರು ಮಾತ್ರ ಸಹಾಯ ಮಾಡಕೂಡದು. ಮಗಳನ್ನು ಸೇರಿಸುತ್ತೀರೋ ಇಲ್ಲವೋ, ಸೋಮವಾರ ತಿಳಿಸಿ.

"ನಿನಗೆ ಆಸೆ ಇದೆಯಾ?" ಅಂತ ಕೇಳಿದೆ.

"ಇದೆ ಅಪ್ಪ. ನನಗೆ ಏನು ಮಾಡೋಕೆ ಬರುತ್ತೆ ಅಂತ ನನಗೇ ಗೊತ್ತಿಲ್ವಲ್ಲ," ಅಂದಳು. ಆಮೇಲೆ ದನಿ ತಗ್ಗಿಸಿ, "ಆದ್ರೆ ಮಾವಂಗೆ ಬೇಜಾರಾಗೋದಾದ್ರೆ ಬೇಡ."

ಹೀಗಾಗಿ ವಿಷಯ ಭಾನುವಾರ ದೋಸೆಯ ಹೊತ್ತಿಗೆ ಭಾವನವರ ಸನ್ನಿಧಾನಕ್ಕೆ ಬಂತು.

"ಮುಟ್ಟಬಾರದು ಅಂದ್ರೆ?" ಅಂದರು ಭಾವ.

"ಮುಟ್ಟಬಾರದು ಅಣ್ಣ," ಅಂದಳು ನನ್ನ ಹೆಂಡತಿ.

"ಬಾಯಲ್ಲಿ ಹೇಳಬಹುದು ತಾನೆ?"

"ಹೇಳೋ ಹಾಗೂ ಇಲ್ಲ."

"ಸನ್ನೆ?"

"ಅದೂ ಇಲ್ಲ."

ಭಾವ ದೋಸೆಯ ತುಂಡನ್ನು ತಟ್ಟೆಗೆ ಇಳಿಸಿದರು. "ತಂಡ ಅಂದ್ರೆ ಏನು ಗೊತ್ತಾ? ಒಬ್ಬ ಕೆಲಸ ಮಾಡ್ತಾನೆ, ಮಿಕ್ಕವರು ಅವನಿಗೆ ಬುದ್ಧಿ ಹೇಳ್ತಾರೆ. ಫ್ಯಾಕ್ಟರೀಲಿ ನೋಡಿಲ್ವಾ ನಾನು?"

"ನೀನು ಯಾವ ಕಡೆ ಇದ್ದೆ?"

"ಎರಡೂ ಕಡೆ," ಅಂದರು ಭಾವ, ಗಂಭೀರವಾಗಿ.

ಮನೆಯ ಯಜಮಾನನಾದ ನಾನು ನಿಷ್ಪಕ್ಷಪಾತವಾಗಿ ಚಟ್ನಿ ಹಾಕಿಕೊಂಡೆ.

ಕೊನೆಗೆ ಭಾವನವರೇ ಒಂದು ಪರೀಕ್ಷೆ ಏರ್ಪಡಿಸಿದರು. ಮಗಳು ಒಬ್ಬಳೇ ಒಂದು ಗಾಡಿ ಮಾಡಬೇಕು. ಅದು ನಡುಮನೆಯ ಬಾಗಿಲಿಂದ ಹೊರಟು ಅಡುಗೆಮನೆಯ ಹೊಸ್ತಿಲು ಮುಟ್ಟಬೇಕು. ಮುಟ್ಟಿದರೆ ಸೇರಲಿ. ತಾವು ಕೈ ಕಟ್ಟಿ ಕೂರುವುದಾಗಿ ಮಾತು ಕೊಟ್ಟರು. ನನ್ನ ಹೆಂಡತಿ ಮುಂಜಾಗ್ರತೆಗೆ ಸ್ಕ್ರೂಡ್ರೈವರನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಳು.

ಮಗಳು ಸೋಪಿನ ಪೆಟ್ಟಿಗೆಗೆ ಪೊರಕೆ ಕಡ್ಡಿ ತೂರಿಸಿ, ಬಾಟಲಿ ಮುಚ್ಚಳಗಳ ಚಕ್ರ ಹಾಕಿದಳು. ಟೆಲಿಫೋನ್ ಡೈರೆಕ್ಟರಿಯ ಮೇಲೆ ಮಣೆಯನ್ನು ಇಳಿಜಾರಾಗಿ ಇಟ್ಟು ಅದರಿಂದ ಗಾಡಿ ಬಿಟ್ಟಳು. ಅದು ಎಡಕ್ಕೆ ತಿರುಗಿ ಸೋಫಾದಡಿ ಸೇರಿತು. ಮತ್ತೆ ಬಿಟ್ಟಳು. ಮತ್ತೆ ಸೋಫಾ. ಹಿಂದಿನ ಕಡ್ಡಿ ಸೊಟ್ಟಗಿದೆ ಎಂಬುದು ಭಾವನವರಿಗೆ ಆಗಲೇ ಕಂಡಿತ್ತು. ಕಟ್ಟಿದ ಕೈ ಬಿಚ್ಚಿಕೊಳ್ಳತೊಡಗಿದಾಗ ಅದನ್ನು ತೊಡೆಯಡಿ ಹಾಕಿ ಅದರ ಮೇಲೇ ಕೂತರು. ನೀರು ಕುಡಿದರು. ಬಾಲ್ಕನಿಗೆ ಹೋಗಿ ತೆಂಗಿನ ಮರದತ್ತ ನೋಡಿ, "ಹಿಂದ್ಗಡೆ ಕಡ್ಡಿ" ಅಂತ ಅದಕ್ಕೆ ಹೇಳಿ ಬಂದರು. ಮರ ಗುಟ್ಟು ಬಿಟ್ಟುಕೊಡಲಿಲ್ಲ.

ಮಗಳು ನೆಲದ ಮೇಲೆ ಅಂಗಾತ ಮಲಗಿ ಬಹಳ ಹೊತ್ತು ಯೋಚಿಸಿದಳು. ಎದ್ದು ಬಂದು ಕಡ್ಡಿ ಮುಟ್ಟಲೇ ಇಲ್ಲ. ಮಣೆಯನ್ನು ಬಲಕ್ಕೆ ತಿರುಗಿಸಿಟ್ಟಳು. ಗಾಡಿ ಇಳಿದು, ಊಟದ ಮೇಜಿನ ಕಡೆ ಹೊರಟು, ಎಂದಿನಂತೆ ಎಡಕ್ಕೆ ಬಾಗುತ್ತ ಬಾಗುತ್ತ ಬಂದು ಅಡುಗೆಮನೆಯ ಹೊಸ್ತಿಲಿಗೆ ಟಕ್ಕಂತ ತಾಗಿತು.

"ಸೊಟ್ಟಗಿದ್ದದ್ದು ಸೊಟ್ಟಗೇ ಇದೆಯಲ್ಲೇ ಪುಟ್ಟಿ," ಅಂದರು ಭಾವ.

"ಹೊಸ್ತಿಲು ಮುಟ್ಟಬೇಕು ಅಂದ್ರಿ. ನೆಟ್ಟಗೆ ಹೋಗ್ಬೇಕು ಅಂದ್ರಾ ಮಾವ?"

ಭಾವ ಗಾಡಿಯನ್ನು ಎತ್ತಿ ತಿರುಗಿಸಿ ನೋಡಿದರು. ಏನನ್ನೂ ಸರಿಮಾಡದೆ ಕೆಳಗಿಟ್ಟು, "ನನಗೆ ಹೊಳೀತಿರಲಿಲ್ಲ ಇದು. ಸೇರಿಸಿ," ಅಂದರು.

ಸಂಜೆ ಸ್ಕೂಟರಿನ ಬಳಿ ನಿಂತು ಹೆಲ್ಮೆಟ್ ಹಾಕಿಕೊಂಡರು. ಕಳಿಸಿಕೊಡಲು ಬಂದಿದ್ದ ಮಗಳನ್ನು ನೋಡಿ ಸ್ವಲ್ಪ ಅನುಮಾನಿಸಿದರು. "ನಿಮ್ಮ ಟೀಮು ಇಲ್ಲಿ ಸೇರಿದಾಗ ನಾನು ಬರಬಹುದಾ? ಬೋಂಡ ತರ್ತೀನಿ ಅಷ್ಟೇ. ಬೋಂಡ ಸಹಾಯ ಅಲ್ಲ ತಾನೆ?"

ಮಗಳು ಯೋಚಿಸಿದಳು. "ಮಿಸ್‌ನ ಕೇಳಿ ಹೇಳ್ತೀನಿ ಮಾವ."

"ಕೇಳು. ಅವಸರ ಇಲ್ಲ."

ಅವರ ಹೆಲ್ಮೆಟ್ಟಿನ ಪಟ್ಟಿ ಜೋತಾಡುತ್ತಿತ್ತು. ಮಗಳು ತುದಿಗಾಲಲ್ಲಿ ನಿಂತು ಅದನ್ನು ಹಾಕಹೋದಳು. ಕೊಂಡಿ ಕೂರಲಿಲ್ಲ. ಮತ್ತೆ ಪ್ರಯತ್ನಿಸಿದಳು, ಅದು ಮತ್ತೆ ಜಾರಿತು. ಭಾವ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಕಣ್ಣು ಮುಚ್ಚಿ, ಗದ್ದ ಎತ್ತಿಕೊಂಡು ನಿಂತೇ ಇದ್ದರು.