ಕಂದೀಲಿನೊಳಗೆ ಮಾವನ ಕೈ

"ಈ ಓಣಿಯಲ್ಲಿ ಇಷ್ಟು ದಿನ ಹುಟ್ಟಿದ್ದು ಬರೀ ಬಕೆಟ್ಟು, ಆಲಿಕೆ! ಇನ್ಮೇಲೆ ಹುಟ್ಟೋದು ಬೆಳಕು!" ಎಂದು ತಗಡು ತಾತ ಸುತ್ತಿಗೆ ಎತ್ತಿ ಸಾರಿದರು. ನಲವತ್ತು ವರ್ಷ ತಗಡು ಬಡಿದವರಿಗೆ ಬೀದಿಯವರು ಇಟ್ಟ ಹೆಸರದು.

ಗ್ರಂಥಾಲಯದ ಓದುವ ಕೋಣೆಗೆ ಹನ್ನೆರಡು ತೂಗು ಕಂದೀಲು ಬೇಕಾಗಿದ್ದವು. ಮೊದಲು ಒಂದನ್ನು ಮಾಡಿ ತೋರಿಸಬೇಕು. ಒಪ್ಪಿಗೆಯಾದರೆ ಆರು ತಿಂಗಳಿಂದ ಬೀಗ ಬಿದ್ದ ಅಂಗಡಿಯಲ್ಲಿ ಮತ್ತೆ ಟಣಟಣ! ಇಲ್ಲದಿದ್ದರೆ ತಾತ ಮನೆಯಲ್ಲೇ ಕೂತು ಅಡುಗೆಮನೆಯ ಡಬ್ಬಿಗಳನ್ನು ತಪಾಸಣೆ ಮಾಡುತ್ತಾರೆ. ನೆನೆದರೇ ಅವರ ಹೆಂಡತಿಯ ಎದೆ ಧಸಕ್ಕೆನ್ನುತ್ತಿತ್ತು.

ತಾತ ಮೊದಲು ಮಾದರಿಗೆಂದು ರಟ್ಟು ಕತ್ತರಿಸಿ, ಅಂಟು ಬಳಿದು, ಮೂರೇ ದಿನದಲ್ಲಿ ಎಂಟು ಮೂಲೆಯ ಕಂದೀಲು ನಿಲ್ಲಿಸಿದರು. ಸೊಸೆ ಅದರ ಅಳತೆಯನ್ನೆಲ್ಲ ಕಂಪ್ಯೂಟರಿಗೆ ತುಂಬಿದಳು. ಪರದೆಯ ಮೇಲೆ ಕಂದೀಲು ಹೊಸ ಸೀರೆ ಉಟ್ಟವಳಂತೆ ಗಿರ್ರನೆ ತಿರುಗಿತು!

"ಮಾವ, ಕಂದೀಲಿನ ಬಾಗಿಲು ಚಿಕ್ಕದಾಯ್ತಲ್ವಾ? ಬಲ್ಬು ಹಾಕೋದು ಹೇಗೆ?"

"ರಟ್ಟಿನದ್ರಲ್ಲಿ ಉರೀತಿದೆ ನೋಡು! ಹಾಕದೇ ಉರಿಯತ್ತಾ?"

"ಅದೇ, ಹೇಗೆ ಹಾಕಿದ್ರಿ?"

"ಕಸುಬಿನ ಗುಟ್ಟಮ್ಮ! ಕಂಪ್ಯೂಟರಿಗೆಲ್ಲ ಹೇಳೋದಲ್ಲ."

ಗುಟ್ಟು ಇಷ್ಟೇ: ಕೈ ಹಿಡಿಸದಿದ್ದಾಗ ತಾತ ಹಿಂಬದಿಯ ರಟ್ಟು ಸೀಳಿ, ಬಲ್ಬು ಸಿಕ್ಕಿಸಿ, ಸೀಳನ್ನು ಮತ್ತೆ ಅಂಟಿಸಿಬಿಟ್ಟಿದ್ದರು. ಆಮೇಲೆ ಪರದೆಯ ಚೆಂದ ನೋಡುತ್ತ ನೋಡುತ್ತ ಸೀಳಿದ್ದು ತಮಗೇ ಮರೆತುಹೋಯಿತು! ಸೊಸೆ ತೆಗೆದುಕೊಟ್ಟ ನಕ್ಷೆಯನ್ನು ತಗಡಿಗೆ ಅಂಟಿಸಿ, ಗೆರೆ ತಪ್ಪದಂತೆ ಕತ್ತರಿಸಿ, ಹೂವಿನ ತೂತು ಕೊರೆದು, ಕಂದೀಲು ಬೆಸೆದರು.

ಗ್ರಂಥಪಾಲಕಿ ಬರುವ ಬೆಳಿಗ್ಗೆ ತಾತ ಬಲ್ಬು ಹಿಡಿದು, ಬೆರಳು ಚೂಪು ಮಾಡಿ, ಉಸಿರು ಬಿಗಿಹಿಡಿದು ತಗಡಿನ ಕಂದೀಲಿನ ಬಾಗಿಲೊಳಗೆ ಕೈ ತೂರಿಸಿದರು. ಹೋಯಿತು! ಬಲ್ಬೂ ಕೂತಿತು! ಕೈ ಮಾತ್ರ ಬರಲಿಲ್ಲ. ಒಳಕ್ಕೆ ಮಡಚಿದ ತಗಡಿನಂಚು ಗಬಕ್ಕನೆ ಕಚ್ಚಿಕೊಂಡಿತ್ತು.

"ರೀ, ಏನದು?"

"ಏನಿಲ್ಲ. ಎಣ್ಣೆ ತಾ."

ಎಣ್ಣೆಯಾಯಿತು, ಸೋಪಾಯಿತು. ಕೈ ಘಮಘಮ ಎಂದಿತೇ ಹೊರತು ಕದಲಲಿಲ್ಲ. ಅಷ್ಟರಲ್ಲಿ ಗ್ರಂಥಪಾಲಕಿ ಒಳಗೇ ಬಂದರು! ತಾತ ಕಂದೀಲನ್ನು ಬೆನ್ನ ಹಿಂದೆ ಬಚ್ಚಿಟ್ಟು ಒಂಟಿ ಕೈಯಲ್ಲಿ ನಮಸ್ಕರಿಸಿದರು.

"ಎಲ್ಲಿ ಯಜಮಾನರೇ, ಕಂದೀಲು?"

"ಕೈಯಲ್ಲೇ ಇದೆ," ಎಂದರು ಹೆಂಡತಿ. "ಅಲ್ಲಲ್ಲ, ಕೈಯೇ ಅದರಲ್ಲಿದೆ!"

ತಾತನ ಮುಖ ಕಾಯಿಸಿದ ತಗಡಿನ ಬಣ್ಣಕ್ಕೆ ತಿರುಗಿತು. ಹನ್ನೆರಡು ಕಂದೀಲೂ ಸಾಲಾಗಿ ಕಣ್ಣೆದುರೇ ಆರಿಹೋದಂತಾಯಿತು.

"ಕತ್ತರಿ ತಗೋಮ್ಮ," ಎಂದು ಸೊಸೆಗೆ ಮೆಲ್ಲಗೆ ಹೇಳಿದರು. "ಹಿಂದಿನ ತಗಡನ್ನ ಮೂರು ಕಡೆ ಕತ್ತರಿಸು. ರಟ್ಟನ್ನೂ ನಾನು ಅಲ್ಲೇ ಸೀಳಿದ್ದೆ. ನಿಂಗೆ ಹೇಳಿರಲಿಲ್ಲ."

ಸೊಸೆ ತುಟಿ ಕಚ್ಚಿ ನಗು ತಡೆದು ಕತ್ತರಿಸಿದಳು. ತಗಡು ಕದದಂತೆ ತೆರೆದುಕೊಂಡಿತು. ಅಲ್ಲಿಂದ ಬೆರಳು ತೂರಿಸಿ, ಕಚ್ಚಿಕೊಂಡಿದ್ದ ಅಂಚನ್ನು ಒಳಗಿನಿಂದಲೇ ಬಗ್ಗಿಸಿದಳು. ಕೈ ಹೊರಬಂತು, ಕಂದೀಲು ಹೊತ್ತಿಕೊಂಡಿತು. ಎಂಟು ಮೂಲೆಯ ಬೆಳಕು ಗೋಡೆಯ ತುಂಬ ಹೂ ಚೆಲ್ಲಿತು.

ಗ್ರಂಥಪಾಲಕಿ ಆ ಕದವನ್ನು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು.

"ಏಣಿ ಹತ್ತಿ ಬಲ್ಬು ಬದಲಾಯಿಸೋಳು ನಾನು. ನನಗೆ ಇಷ್ಟು ದೊಡ್ಡ ಬಾಗಿಲೇ ಬೇಕು. ಅಂಚು ನುಣುಪು ಮಾಡಿ, ಹನ್ನೆರಡೂ ಹೀಗೇ ಇರಲಿ!"

ತಾತನ ಎದೆ ಮತ್ತೆ ಉಬ್ಬಿತು. "ನಾನು ಬೇಕಂತಲೇ..." ಎಂದು ಶುರುಮಾಡುವಷ್ಟರಲ್ಲಿ ಸೊಸೆ ಟೇಪು ಹಿಡಿದು ಬಂದಳು.

"ಮಾವ, ಕೈ ಚಾಚಿ. ಅಳತೆ ಕಂಪ್ಯೂಟರಿಗೆ ಹಾಕ್ತೀನಿ. ಇನ್ಮೇಲೆ ಏನೇ ಮಾಡಿದ್ರೂ ಮೊದಲು ಈ ಕೈ ತೂರಿಸಿ ನೋಡೋದೇ!"

"ಹಾಗೇ ಬಾಯಿಯ ಅಳತೇನೂ ತಗೋ," ಎಂದರು ಹೆಂಡತಿ, ಎಣ್ಣೆ ಬಟ್ಟಲು ಎತ್ತಿಕೊಳ್ಳುತ್ತ. "ಅದು ಅಂಗಡಿ ಬಾಗಿಲಲ್ಲೂ ಹಿಡಿಸಲ್ಲ!"