ಗಾಡಿ ಓಡಾಡದ ದಾರಿ

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವನು ಅರವತ್ತು ದಾಟಿದ ಮೇಲೆ ಸೈಕಲ್ ಹತ್ತಿದರೆ ದಿನಕ್ಕೊಂದು ಫಜೀತಿ ಆಗಿಯೇ ಆಗುತ್ತದೆ. "ಸಪಾಟು ರಸ್ತೇಲಿ ನಿಧಾನಕ್ಕೆ ಸೈಕಲ್ ಹೊಡೀರಿ" ಅಂದರು ಡಾಕ್ಟರು. ಶಿರಸಿಯಲ್ಲಿ ಸಪಾಟು ರಸ್ತೆ! ಅವರು ಘಟ್ಟದ ಕೆಳಗಿನವರು, ಪಾಪ.

ಹೆಂಡತಿ ಎರಡು ಷರತ್ತು ಹಾಕಿದಳು. "ಗಾಡಿ ಓಡಾಡೋ ದಾರಿಲಿ ಹೋಗಲಾಗ. ನಿಂಗ ಬಿದ್ರೆ ಯಾರಾದ್ರೂ ನೋಡವು." ಗಾಡಿ ಇರಬಾರದು, ನೋಡುವವರು ಇರಬೇಕು; ಒಂದು ತಪ್ಪಿದರೂ ಸೈಕಲ್ ಗುಜರಿಗೆ. ಗಾಡಿಯೇ ಇಲ್ಲದ ದಾರಿಯಲ್ಲಿ ನೋಡುವವರು ಎಲ್ಲಿಂದ ಬರಬೇಕು ಮಾರಾಯ್ರೆ? ಆದರೆ ಆಸ್ಪತ್ರೆಯ ದಿನಗಳಲ್ಲಿ ಅವಳ ಮುಖ ಕಂಡವನು ನಾನು. ವಾದ ಮಾಡಲಿಲ್ಲ.

೧. ಉಪಕಾರ

ಮೊದಲ ದಿನ ಇಸಳೂರಿನ ಕಡೆ ಹೊರಟೆ. ಏರಿನಲ್ಲಿ ಏದುಸಿರು ಬಿಡುತ್ತಿದ್ದಾಗ ಪರಿಚಯದವರೊಬ್ಬರ ಪಿಕಪ್ ನಿಂತಿತು.

"ಬೈಕ್ ಕೆಟ್ಟೋತಾ?"

"ಇಲ್ಲ, ಬೇಕಂತಲೇ ಸೈಕಲ್."

"ಸಂಕೋಚ ಎಂತಕ್ಕೆ? ಹತ್ತಿ ಹತ್ತಿ!"

ಸೈಕಲ್ಲನ್ನು ಹಿಂದೆ ಹಾಕಿಕೊಂಡು, ನನ್ನನ್ನು ಪಕ್ಕ ಕೂರಿಸಿಕೊಂಡು ಮನೆ ಬಾಗಿಲಿಗೇ ತಂದಿಳಿಸಿದರು. ಅರ್ಧ ಗಂಟೆ ತುಳಿದದ್ದನ್ನು ಪುಣ್ಯಾತ್ಮ ಐದೇ ನಿಮಿಷದಲ್ಲಿ ಅಳಿಸಿಬಿಟ್ಟರು.

೨. ವಿಚಾರಣೆ

ಯಲ್ಲಾಪುರ ರಸ್ತೆಯಲ್ಲಿ ಲಾರಿ, ಸಿದ್ದಾಪುರ ರಸ್ತೆಯಲ್ಲಿ ಬಸ್ಸು. ಬನವಾಸಿ ಕಡೆಯ ಚಾ ಅಂಗಡಿಯವನನ್ನು ಕೇಳಿದೆ, "ಗಾಡಿ ಬರದ ದಾರಿ ಯಾವುದಾದರೂ ಇದೆಯಾ?"

ಅವನು ಚಾ ಸೋಸುತ್ತಲೇ ಅಂದ, "ಸ್ಮಶಾನದ ದಾರಿ ಒಂದ್ ಇತ್ರೀ. ಅಲ್ಲಿಗೂ ಈಗ ಹೆಣದ ಗಾಡಿ ಬರ್ತೈತಿ. ನಿಮಗ ಭಾಳ ಅರ್ಜೆಂಟ್ ಐತೇನ್ರಿ?"

೩. ಹಿಂದಿನ ಗಾಡಿ

ಕೊನೆಗೂ ಒಂದು ಸಿಕ್ಕಿತು. ಹೊಸ ರಸ್ತೆ ಆದ ಮೇಲೆ ಎಲ್ಲರೂ ಕೈಬಿಟ್ಟ ಹಳೇ ರಸ್ತೆ. ಹಕ್ಕಿ ಕೂಗು ಬಿಟ್ಟರೆ ಸದ್ದಿಲ್ಲ. ಆದರೆ ದಿನಾ ಬೆಳಿಗ್ಗೆ ನನ್ನ ಹಿಂದೆ ದೂರದಲ್ಲಿ ಒಂದು ಸ್ಕೂಟರಿನ ಸದ್ದು! ದಾಟಿಯೂ ಹೋಗದು, ಹತ್ತಿರವೂ ಬಾರದು. ತಿರುಗಿ ನೋಡಿದರೆ ನನ್ನ ಬ್ಯಾಲೆನ್ಸ್ ತಪ್ಪುತ್ತದೆ. ಮನೆಗೆ ಬಂದು ಬೈದೆ. ಪಕ್ಕದ ಮನೆಯಿಂದ ಆಗಷ್ಟೇ ಬಂದ ಹೆಂಡತಿ, "ಅವ್ಕೂ ಎಂತೋ ಕೆಲ್ಸ ಇರ್ತು, ಬಿಡಿ" ಅಂದಳು.

ಒಂದು ಬೆಳಿಗ್ಗೆ ಆ ರಸ್ತೆಯಲ್ಲೇ ಎದೆ ಹಿಡಿದಂತಾಯಿತು. ಮೋರಿ ಕಟ್ಟೆಯ ಮೇಲೆ ಕೂತೆ. ಹೆದರಿದೆ, ಸುಳ್ಳು ಯಾಕೆ ಹೇಳಲಿ? ಅವಳಿಗೆ ಒಂದು ಮಾತೂ ಹೇಳದೆ ಹೋಗಿಬಿಡುತ್ತೇನೇನೋ ಅನ್ನಿಸಿ ಕಣ್ಣು ಕತ್ತಲೆ ಬಂತು. ಅಷ್ಟರಲ್ಲಿ ಅದೇ ಸ್ಕೂಟರಿನ ಸದ್ದು. ಮೊದಲ ಸಲ ಅದು ಹತ್ತಿರ ಬಂದು ನಿಂತಿತು.

ಹೆಲ್ಮೆಟ್ ತೆಗೆದಾಗ ನೋಡುತ್ತೇನೆ, ನನ್ನ ಹೆಂಡತಿ! ಪಕ್ಕದ ಮನೆಯವರ ಸ್ಕೂಟರು. ನನ್ನ ನಾಲಿಗೆಯ ಕೆಳಗೆ ಮಾತ್ರೆ ಇಟ್ಟಳು. ಸ್ವಲ್ಪ ಹೊತ್ತಿಗೆ ಎದೆ ಹಗುರಾಯಿತು.

"ಹತ್ತಿ, ಡಾಕ್ಟರ ಹತ್ರ ಹೋಪ."

"ನೀ ಯಾವಾಗ ಸ್ಕೂಟರ್ ಕಲ್ತ್ಯೇ?"

"ನಿಂಗ ಆಸ್ಪತ್ರೆಯಿಂದ ಬಂದ ವಾರನೇ. ಮತ್ತೆ ಹಂಗಾದ್ರೆ ಬಸ್ಸು ಕಾಯ್ತಾ ಕೂರಲಾಗ್ತಾ?"

ಕಟ್ಟೆಯಿಂದ ಏಳುತ್ತಲೇ ಜಗಳ ತೆಗೆದೆ. "ಗಾಡಿ ಓಡಾಡದ ದಾರೀಲೇ ಹೋಗವು ಅಂದವಳು ನೀನೇ ಅಲ್ದನೇ?"

"ಹೌದು ಮತ್ತೆ," ಅಂದಳು, ಸ್ಕೂಟರಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು. "ಬೇರೆ ಗಾಡಿ ಎದುರು ಬಂದ್ರೆ ಎನಗೆ ಹೆದ್ರಿಕೆ ಆಗ್ತು."