ನಕ್ಷತ್ರದ ಪಫ್ ಮತ್ತು ಅವ್ವನ ಉಂಡಿ

ಭಾನುವಾರ ಬೆಳಿಗ್ಗೆ ಹೇಮಂತ ತನ್ನ ವರ್ಷ ತುಂಬಿದ ಮಗಳು ರಕ್ಷಾಳ ಬಾಯಿಗೆ ನಕ್ಷತ್ರದಾಕಾರದ ರಾಗಿ ಪಫ್ ಒಂದನ್ನು ಇಟ್ಟ. ಅವಳು ಅದನ್ನು ಅವನ ಕನ್ನಡಕದ ಮೇಲೆ ಉಗುಳಿದಳು. ಕನ್ನಡಕ ಒರೆಸಿಕೊಂಡು ಸುಮ್ಮನಿದ್ದಿದ್ದರೆ ಆ ದಿನ ಚೆನ್ನಾಗಿಯೇ ಕಳೆಯುತ್ತಿತ್ತು. ಅವನು ಪ್ಯಾಕೆಟ್ ತಿರುಗಿಸಿ ಓದತೊಡಗಿದ.

"ಅಕ್ಷಯಾ, ನೋಡಿಲ್ಲಿ! ಮುಂದೆ ಇಷ್ಟು ದೊಡ್ಡ ರಾಗಿ ತೆನೆ. ಹಿಂದೆ ಅಕ್ಕಿ ಹಿಟ್ಟು, ಮೆಕ್ಕೆಜೋಳ, ಎಣ್ಣೆ, ಸಕ್ಕರೆ. ರಾಗಿ ಮಾತ್ರ ಕರೆಯದೆ ಮದುವೆಗೆ ಬಂದೋರ ಥರ ಕೊನೇಲಿ ನಿಂತಿದೆ, ನೂರಕ್ಕೆ ನಾಲ್ಕು ಪಾಲು. ಅರ್ಧ ಪ್ಯಾಕೆಟ್ ಗಾಳಿ. ಈ ದುಡ್ಡಿಗೆ ಬಾದಾಮಿ ಬರುತ್ತೆ ಕಣೆ!"

"ನಂಗೂ ಓದೋಕೆ ಬರುತ್ತೆ," ಎಂದಳು ಹೆಂಡತಿ. "ಅದನ್ನಾದ್ರೆ ಹತ್ತರಲ್ಲಿ ಎರಡು ನುಂಗ್ತಾಳೆ. ಬೇರೇದಕ್ಕೆ ಬಾಯೇ ಬಿಡಲ್ಲ."

"ನಮ್ಮವ್ವ ಉಂಡಿ ಕಟ್ಟಿ ಕೊಡ್ತಿದ್ಲು. ಪ್ಯಾಕೆಟ್ ಅನ್ನೋದನ್ನ ನಾವು ಕಂಡೇ ಇರ್ಲಿಲ್ಲ."

ಮದುವೆಯಾದಾಗಿನಿಂದ ಅಕ್ಷಯಾ ಕೇಳುತ್ತಿದ್ದ ಉಂಡಿ ಇದು. ಅವತ್ತು ಅವಳ ತಾಳ್ಮೆ ತಪ್ಪಿತು. "ಸಂಜೆಯೊಳಗೆ ಆ ಉಂಡಿ ಮಾಡು. ಮಗು ತಿಂದ್ರೆ ಈ ಮನೆಗೆ ಪ್ಯಾಕೆಟ್ ಬಂದ್. ತಿನ್ಲಿಲ್ಲ ಅಂದ್ರೆ ತಿಂಗಳ ಪ್ಯಾಕ್ ಆರ್ಡರ್ ಮಾಡ್ತೀನಿ, ನಿಮ್ಮವ್ವನ ಉಂಡಿ ಕತೆ ಬಂದ್."

ಹೇಮಂತ ಒಪ್ಪಿಕೊಂಡ. ಗುಳೇದಗುಡ್ಡದ ಆ ಮನೆ ಅವನ ಕಣ್ಣಮುಂದೆ ಬಂತು. ಅವ್ವ ಚನ್ನಕ್ಕ ಮಗ್ಗದಲ್ಲಿ ಕುಳಿತು ಖಣ ನೇಯುತ್ತಿದ್ದಳು. ಲಾಳಿಯ ಸದ್ದು ನಿಂತಿತೆಂದರೆ ಉಂಡಿ ಬರುವ ಹೊತ್ತು. ಹುರಿದ ಗೋದಿ, ಶೇಂಗಾ, ಬೆಲ್ಲದ ವಾಸನೆ, ಅವ್ವನ ಅಂಗೈಯ ಬಿಸಿ. ಹೊಸ್ತಿಲ ಮೇಲೆ ಕುಳಿತು ತಿಂದ ಆ ರುಚಿಗೆ ಯಲಹಂಕದ ಪುಟ್ಟೇನಹಳ್ಳಿಯ ಈ ಬಾಡಿಗೆ ಮನೆಯಲ್ಲೂ ಅವನ ಬಾಯಲ್ಲಿ ನೀರೂರುತ್ತಿತ್ತು. ಆದರೆ ಅದನ್ನು ಮಾಡುವುದು ಹೇಗೆಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಅವ್ವನಿಗೆ ಫೋನ್ ಮಾಡಿದ. ಅವಳು ಯಾರದೋ ಮದುವೆಗೆ ಹೋಗಿದ್ದಳು, ಎತ್ತಲಿಲ್ಲ.

ಸರಿ, ತಾನೇ ಗೋದಿ ಹುರಿಯಲು ನಿಂತ. ಹೊಗೆ ಕಂಡು ಮೇಲಿನ ಮನೆಯ ರೆಹಾನಾ ಓಡಿ ಬಂದಳು. "ಏನ್ ಭಾಯ್, ಬೆಂಕಿ ಬಿತ್ತಾ? ಉಂಡೆನಾ? ಖರ್ಜೂರ ಹಾಕ್ರೀ, ನಮ್ ಜೀಷಾನ್ ಬೆಳೆದಿದ್ದೇ ಅದ್ರಲ್ಲಿ!"

ಖರ್ಜೂರ ಹಾಕಿದ. ಮಿಕ್ಸಿ ಒಮ್ಮೆ ಗುರ್ ಎಂದು ನಿಂತೇಹೋಯಿತು. ಆ ಸದ್ದಿಗೆ ಕೆಳಗಿನಿಂದ ಮನೆ ಓನರ್ ಚಿಕ್ಕಮುನಿಯಪ್ಪನ ಹೆಂಡತಿ ಲಕ್ಷ್ಮಿದೇವಮ್ಮ ಹತ್ತಿ ಬಂದರು. "ಅಯ್ಯೋ, ಇಂಗೆಲ್ಲ ಮಾಡಿದ್ರೆ ಮಗೀಗೆ ಒಟ್ಟೆ ನೋವ್ ಬತ್ತದೆ. ಬೆಲ್ಲದ ಪಾಕ ಮಾಡ್ಕಳಿ ಸಾರ್."

ಪಾಕ ಏರಿತು. ಉಂಡೆ ಗೋಲಿಯಂತಾಯಿತು. ಒಂದು ಅವನ ಕೈಜಾರಿ, ಮೆಟ್ಟಿಲು ಮೆಟ್ಟಿಲು ಕುಪ್ಪಳಿಸಿ, ಕೆಳಗೆ ಕಟ್ಟಿದ್ದ ಚಿಕ್ಕಮುನಿಯಪ್ಪನ ಹಸು ಗೌರಿಯ ಮುಂದೆ ನಿಂತಿತು. ಗೌರಿ ಮೂಸಿ ನೋಡಿ ಮುಖ ತಿರುಗಿಸಿತು. ಹೇಮಂತನಿಗೆ ನಿಜಕ್ಕೂ ಅವಮಾನವಾಯಿತು.

ಸಂಜೆಯಾಗುತ್ತಾ ಬಂತು. ಅಕ್ಷಯಾ ಫೋನು ಕೈಗೆತ್ತಿಕೊಂಡಳು. ಅವನ ಪಾಡು ನೋಡಲಾರದೆ ಲಕ್ಷ್ಮಿದೇವಮ್ಮ ಕೆಳಗೆ ಹೋಗಿ ಒಂದು ಪಾತ್ರೆ ಹಿಟ್ಟು ತಂದರು. "ಇದ್ನ ಬಿಸಿ ಆಲಲ್ಲಿ ಕಲಸಿ, ತುಪ್ಪ ಬಿಡಿ."

ಕಲಸಿದ ಕೂಡಲೇ ಆ ವಾಸನೆ ಎದ್ದಿತು. ಅದೇ ಗೋದಿ, ಅದೇ ಶೇಂಗಾ, ಅದೇ ಬೆಲ್ಲ. ಒಂದು ಚೂರು ಬಾಯಿಗೆ ಹಾಕಿಕೊಂಡ ಹೇಮಂತನ ಕಣ್ಣು ತುಂಬಿ ಬಂತು. ರಕ್ಷಾ ಒಂದು ತುತ್ತು ತಿಂದಳು, ಇನ್ನೊಂದಕ್ಕೆ ಬಾಯಿ ತೆರೆದಳು, ಆಮೇಲೆ ಬಟ್ಟಲಿಗೇ ಕೈ ಹಾಕಿದಳು.

"ನೋಡಿದ್ಯಾ!" ಎಂದು ಅವನು ಕುಣಿಯುವಾಗಲೇ ಅವ್ವನ ಫೋನು ಬಂತು. ಹೆಂಡತಿಯೂ ಕೇಳಲಿ ಎಂದು ಸ್ಪೀಕರ್ ಹಾಕಿದ. "ಅವ್ವಾ, ನಿನ್ನ ಉಂಡಿ ಹಿಟ್ಟು ಇಲ್ಲೂ ಸಿಕ್ತು!"

"ಸಿಗದ ಏನೋ? ಅಂಗನವಾಡಿ ಪಾಕೀಟ ಅಲ್ಲೇನು ಅದು!" ಎಂದಳು ಚನ್ನಕ್ಕ. "ನಾ ಮಗ್ಗದಾಗ ಕುಂತ್ರ ಗೋದಿ ಹುರ್ಯಾಕ ಹೊತ್ತೆಲ್ಲಿತ್ತು? ಅಂಗನವಾಡಿ ಅಕ್ಕೋರು ಹಿಟ್ಟು ಕೊಡೋರು, ನಾ ಉಂಡಿ ಕಟ್ಟತಿದ್ದೆ."

ಹೇಮಂತ ಲಕ್ಷ್ಮಿದೇವಮ್ಮನ ಮುಖ ನೋಡಿದ. "ಊ ಸಾರ್, ಅಂಗನವಾಡೀದೇ. ಮೊಮ್ಮಗೀಗೆ ಕೊಡ್ತಾರೆ, ಅದು ಮುಟ್ಟಲ್ಲ," ಎಂದರು ಅವರು.

ಅಕ್ಷಯಾ ಚೂಡಿದಾರದ ವೇಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಪ್ಯಾಕೆಟ್ ಕಂಡೇ ಇರ್ಲಿಲ್ಲ, ಅಲ್ವಾ?"

"ಪಾಕೀಟ್ ಸರಕಾರದ್ದಾದ್ರೇನು, ಉಂಡಿ ಕಟ್ಟಿದ ಕೈ ನಂದಲ್ಲೇನೋ?" ಎಂದು ಅವ್ವ ಕೇಳಿದಳು. ಹೇಮಂತ ಫೋನನ್ನು ಬಾಯಿಯ ಹತ್ತಿರ ತಂದ. "ನಿಂದೇ ಅವ್ವಾ," ಎಂದ. ಅಷ್ಟು ಮಾತ್ರ ಅವನಿಂದ ಯಾರೂ ಕಸಿಯಲಾರದ ಸತ್ಯವಾಗಿತ್ತು.

ಅಷ್ಟರಲ್ಲಿ ಚಿಕ್ಕಮುನಿಯಪ್ಪ ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತರು. "ಗೌರೀದು ಇಟ್ಟು ಯಾರು ತಕ್ಕಂಡ್ರಿ? ಮೊಮ್ಮಗು ಮುಟ್ಟದ ಆ ಅಂಗನವಾಡಿ ಇಟ್ಟು ಮುಂದೆ ಇಕ್ದೆ ಅದು ಆಲು ಕೊಡಲ್ಲ. ಒದೀತದೆ."

ಹೇಮಂತ ಗಾಬರಿಯಿಂದ ಕೈಗೆ ಸಿಕ್ಕಿದ ನಕ್ಷತ್ರದ ಪ್ಯಾಕೆಟ್ಟನ್ನೇ ಕೊಟ್ಟು ಕಳಿಸಿದ. ಸ್ವಲ್ಪ ಹೊತ್ತಿಗೆ ಚಿಕ್ಕಮುನಿಯಪ್ಪ ಹಾಲು ತುಂಬಿದ ಬಕೆಟ್ಟಿನೊಂದಿಗೆ ನಗುತ್ತಾ ಬಂದರು. "ಕವರ್ ಸಮೇತ ನೆಕ್ತು ಸಾರ್! ಇನ್ಮೇಲೆ ಇಟ್ಟು ನಿಮ್ ಮಗೀಗೇ ಇರ್ಲಿ. ಗೌರಿಗೆ ದಿನಾ ಇಂಥವು ನಾಲ್ಕು ಪಾಕೀಟ್ ಕೊಟ್ಬುಡಿ."

ರಕ್ಷಾ ಖಾಲಿ ಬಟ್ಟಲು ಬಡಿದು ಇನ್ನಷ್ಟು ಬೇಕೆಂದು ಅಳತೊಡಗಿದಳು. ಅಕ್ಷಯಾ ಮತ್ತೆ ಫೋನು ತೆಗೆದಳು. "ತಿಂಗಳ ಪ್ಯಾಕ್ ಹಾಕ್ಲಾ? ಗೌರಿಗೆ ಬಾಳೆಹಣ್ಣಿಂದು ಇಷ್ಟಾನಾ, ಟೊಮ್ಯಾಟೋದಾ?"

"ಇರು, ಕೇಳ್ಕೊಂಡ್ ಬರ್ತೀನಿ," ಎಂದು ಹೇಮಂತ ಮೆಟ್ಟಿಲಿಳಿದ.